ಗುಡುಗಮ್ಮನ ಮೌನವ್ರತ

ಮಾರ್ಚ್ 2, ಸೋಮವಾರ. ಬೆಳಗ್ಗೆ

ಇವತ್ತೂ ಅದೇ. ಹಾಲು ಒಲೆಯ ಮೇಲಿಟ್ಟು, ಅಪ್ಪನನ್ನು ಕಾವಲಿಗೆ ನಿಲ್ಲಿಸಿ, ಅಮ್ಮ ಮತ್ತು ನಾನು ಕಾರು ತೆಗೆದುಕೊಂಡು ಮೈದಾನಕ್ಕೆ. ಹಾಲು ಇವತ್ತೂ ಉಕ್ಕಿತು. ಅಪ್ಪ ಪೇಪರ್ ಓದುತ್ತಿದ್ದನಂತೆ.

ಆದರೆ ಅಮ್ಮ... ಏನು ಓಡಿಸಿದಳು! ಫಸ್ಟ್, ಸೆಕೆಂಡ್, ಥರ್ಡ್, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೀಟರ್ ಕಡೆ ತಿರುಗಿಯೂ ನೋಡುವುದಿಲ್ಲ. ಎಲ್ಲ ಕಿವಿಯಿಂದಲೇ. ಸೈಲೆನ್ಸರಿನ "ಗುರ್ರ್" ಯಾವಾಗ "ಘೋ" ಆಗುತ್ತದೋ ಆಗ ಅವಳ ಎಡಗೈ ತಾನಾಗಿ ಗೇರಿಗೆ ಹೋಗುತ್ತದೆ. "ಅವಳೇ ಕೂಗಿ ಹೇಳ್ತಾಳಲ್ಲೇ, ಇನ್ನು ನೋಡೋದೇನು?" ಅನ್ನುತ್ತಾಳೆ.

ಅವಳು ಅಂದರೆ ಗುಡುಗಮ್ಮ. ನನ್ನ ಕಾರು. ಪುಟ್ಟ ಟರ್ಬೋ ಗಾಡಿ. ಎರಡು ವರ್ಷದ ಹಿಂದೆ ಕಂಪನಿಯ ಸೈಲೆನ್ಸರ್ ಪೂರ್ತಿ ಕಿತ್ತು, ಟರ್ಬೋದಿಂದ ಬಾಲದವರೆಗೆ ದಪ್ಪ ಪೈಪು ಹಾಕಿಸಿದೆ. ಬೀದಿ ತಿರುಗುವ ಮೊದಲೇ ಮನೆಯ ಕಿಟಕಿ ನಡುಗುತ್ತದೆ. ಹೆಸರಿಟ್ಟವನು ಅಪ್ಪ. ಬಯ್ಯಲೆಂದು ಇಟ್ಟ ಹೆಸರು, ಈಗ ಮುದ್ದಿನ ಹೆಸರು.

ನಾಳೆ ಟೆಸ್ಟು. ಜನವರಿಯಲ್ಲಿ ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಫೇಲ್ ಆಗಿದ್ದಳು. ಏರಿನಲ್ಲಿ ಎಂಜಿನ್ ಆಫ್ ಆಗಿ ಹೋದದ್ದು ತಿಳಿಯದೆ, ಪಾಪ, ಸುಮ್ಮನೆ ಆಕ್ಸಿಲರೇಟರ್ ಒತ್ತುತ್ತ ಕೂತಿದ್ದಳಂತೆ. ಈ ಸಲ ನಮ್ಮದೇ ಗಾಡಿ. ಆಫ್ ಆದರೆ ಊರಿಗೇ ಗೊತ್ತಾಗುತ್ತದೆ! ಏಪ್ರಿಲ್‌ನಿಂದ ನಾಟಕ ತಂಡದ ಉಡುಪುಗಳ ಹೊಲಿಗೆ ಅಮ್ಮನಿಗೇ ಸಿಕ್ಕಿದೆ. ಶನಿವಾರ ಶನಿವಾರ ಗಂಟುಗಳನ್ನು ಊರಾಚೆಯ ರಂಗಮಂದಿರಕ್ಕೆ ಅವಳೇ ಮುಟ್ಟಿಸಬೇಕು. ಆ ದಿನ ನನಗೆ ಕನ್ನಡಕದಂಗಡಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಅಪ್ಪನಿಗೆ ಸೈಕಲ್ಲೂ ಬಾರದು. ಲೈಸೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಅದಕ್ಕಿಂತ ದೊಡ್ಡದು ಅವಳ ಆಸೆ. ಮೊನ್ನೆ ಗುಂಡಿ ಹೊಲಿಯುತ್ತ ಅಂದಳು, "ಇಷ್ಟು ವರ್ಷ ಎಲ್ಲರೂ ನನ್ನ ಕರ್ಕೊಂಡು ಹೋದ್ರು. ಒಂದ್ಸಲ ನಾನು ಎಲ್ಲರನ್ನೂ ಕರ್ಕೊಂಡು ಹೋಗ್ಬೇಕು."

ಮಾರ್ಚ್ 3, ಮಂಗಳವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಮ್ಮ ಟೆಸ್ಟಿಗೆಂದೇ ಹೊಸ ಅಂಗಿ ಹೊಲಿದುಕೊಂಡಿದ್ದಳು. ಸ್ಟೇರಿಂಗ್ ತಿರುಗಿಸಲು ಅಡ್ಡ ಬರಬಾರದೆಂದು ತೋಳು ಸಡಿಲ. ಟೆಸ್ಟ್ ಮೈದಾನದ ಗೇಟಿನ ಹತ್ತಿರ ಬಂದೆವು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದರು. ಸಿಡುಕಲಿಲ್ಲ, ಪಾಪ. ಕಿವಿಯಿಂದ ಬೆರಳು ತೆಗೆದು ಮೆಲ್ಲಗೆ ಹೇಳಿದರು, "ನಾನು ನಿಲ್ಸಿ ಅಂದ್ರೆ ಅವರಿಗೆ ಕೇಳಿಸ್ಬೇಕಲ್ಲಮ್ಮ. ಕಂಪನಿ ಸೈಲೆನ್ಸರ್ ಹಾಕಿಸ್ಕೊಂಡು ಇಪ್ಪತ್ತನೇ ತಾರೀಕು ಬನ್ನಿ."

ವಾದ ಮಾಡಲು ಬಾಯಿ ತೆರೆದೆ. ಅಮ್ಮ ನನ್ನ ಮೊಣಕೈ ಚಿವುಟಿದಳು.

ಮನೆ ಹತ್ತಿರ ಬಂದಾಗ ಅಮ್ಮ ಅಂದಳು, "ಇನ್ನೊಂದೇ ಸಲ ಕಣೆ. ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ. ಈ ವಯಸ್ಸಲ್ಲಿ ನಗೆಪಾಟಲು ಸಾಕು."

ನನ್ನ ಚಪಲಕ್ಕೆ ಅವಳಿಗೆ ಶಿಕ್ಷೆ. ತುಂಬಾ ಬೇಜಾರಾಯಿತು. ಬಂದವಳೇ ಮಾವನಿಗೆ ಫೋನ್. ಅಮ್ಮನ ತಮ್ಮ, ಗ್ಯಾರೇಜಿನ ದೊರೆ. ಅವನು ಗಹಗಹಿಸಿ ನಕ್ಕ. "ಬಿಚ್ಚಿದವನೂ ನಾನೇ, ಹಾಕೋನೂ ನಾನೇ. ಭಾನುವಾರ ಬಾ. ಹಳೇ ಸೈಲೆನ್ಸರ್ ಎಲ್ಲಿಟ್ಟಿದೀಯ?"

ಎಲ್ಲಿಟ್ಟಿದ್ದೇನೆ?!

ಮಾರ್ಚ್ 5, ಗುರುವಾರ. ಸಂಜೆ

ಸಿಕ್ಕಿತು! ತಾರಸಿಯ ಮೇಲೆ. ಅಮ್ಮ ಅದನ್ನು ಕುಂಡಗಳ ನಡುವೆ ನೆಟ್ಟಗೆ ನಿಲ್ಲಿಸಿ ಬೀನ್ಸ್ ಬಳ್ಳಿ ಹಬ್ಬಿಸಿದ್ದಾಳೆ! ನಡುವಿನ ಉದ್ದ ಪೈಪು ಒಂದು ಕಡೆ, ಹಿಂದಿನ ಡಬ್ಬಿ ಒಂದು ಕಡೆ. ಟರ್ಬೋ ಹತ್ತಿರದ ಮೊದಲ ತುಂಡು ಪುಣ್ಯಕ್ಕೆ ಅಟ್ಟದ ಮೇಲೆ, ಗೋಣಿಯಲ್ಲಿ. ನಾನು ಎರಡು ವರ್ಷದಿಂದ ತಿನ್ನುತ್ತಿರುವ ಬೀನ್ಸ್ ಸೈಲೆನ್ಸರ್ ಮೇಲೆ ಬೆಳೆದದ್ದು.

ಅಮ್ಮ ಒಂದೊಂದೇ ಕುಡಿಯನ್ನು ಬಿಡಿಸಿ, ಮುರಿದ ಕೊಡೆಯ ಕಡ್ಡಿಗೆ ಕಟ್ಟಿದಳು. ಒಂದೂ ಮುರಿಯಲಿಲ್ಲ. ಆಮೇಲೆ ಪೈಪಿನ ಬಾಯಿಗೆ ಬೆರಳು ಹಾಕಿ ಚಿಂದಿ ಎಳೆದಳು. ಕೆಂಪು ಬಂತು. ಅದರ ಹಿಂದೆ ಹಳದಿ. ಅದರ ಹಿಂದೆ ಹೂವಿನದು. ಜಾದೂಗಾರನ ಟೋಪಿಯೇ ಸರಿ. ಅಪ್ಪ ಚಪ್ಪಾಳೆ ಹೊಡೆದ.

"ಇದೇನಮ್ಮ?"

"ಹಲ್ಲಿ, ಇರುವೆ ಸೇರ್ಕೋಬಾರ್ದು ಅಂತ ತುರುಕಿದ್ದೆ. ಮಳೆಗಾಲ ಬಂದಾಗೆಲ್ಲ ಇನ್ನೊಂದಿಷ್ಟು. ನಿನ್ನ ಸಾಮಾನು, ಹಾಳಾಗ್ಬಾರ್ದಲ್ಲ."

ಅಪ್ಪ ಇಣುಕಿ ನೋಡಿದ. "ನನ್ನ ನೀಲಿ ಚೌಕಳಿ ಅಂಗಿ ಇದ್ರಲ್ಲಿಲ್ಲ ತಾನೆ?"

"ಅದು ಲಾಂಡ್ರಿಯವ್ನು ಕಳೆದಿದ್ದು ಅಂತ ಎಷ್ಟು ಸಲ ಹೇಳ್ಲಿ?"

ಕೊನೆಗೆ ಅಳತೆಕೋಲು ತೂರಿಸಿ ತಿರುಗಿಸಿದಳು. ಏನೂ ತಗುಲಲಿಲ್ಲ. "ಮುಗೀತು, ತಗೊಂಡ್ಹೋಗು." ನಾನು ಬ್ರಷ್ ಹಿಡಿದು ತುಕ್ಕು ಉಜ್ಜಲು ಕೂತೆ. ಕೆಳಗೆ ಬೂದು ಬಣ್ಣದ ಉಕ್ಕು ಹೊಳೆಯಿತು. ನನಗೇ ಅಚ್ಚರಿ, ಬೆಳಗಿನವರೆಗೆ ಈ ಸಪ್ಪೆ ಡಬ್ಬಿಯನ್ನು ದ್ವೇಷಿಸುತ್ತಿದ್ದೆ. ಈಗ ಭಾನುವಾರ ಯಾವಾಗ ಬರುತ್ತದೋ ಎಂದು ಕೈ ತುರಿಸುತ್ತಿದೆ.

ಮಾರ್ಚ್ 8, ಭಾನುವಾರ

ಆಯಿತು! ಆಯಿತು! ಉಗುರಿನೊಳಗೆಲ್ಲ ಕಪ್ಪು, ಭುಜ ಬಿದ್ದುಹೋಗಿದೆ, ಆದರೆ ಏನು ದಿನ!

ಗ್ಯಾರೇಜ್ ರಜೆ. ಮಾವ, ನಾನು ಇಬ್ಬರೇ. ಕಾರನ್ನು ಲಿಫ್ಟಿಗೆ ಏರಿಸಿದೆವು. ಕೆಳಗೆ ನಿಂತು ನೋಡಿದರೆ ಗುಡುಗಮ್ಮನ ಹೊಟ್ಟೆ ಎಷ್ಟು ಚಂದ. ಟರ್ಬೋಗೆ ಪೈಪು ಕಚ್ಚಿಕೊಂಡಿರುವ ನಟ್ಟುಗಳಿಗೆ ನಿನ್ನೆಯೇ ಮಾವ ಮನೆಗೆ ಬಂದು ಎಣ್ಣೆ ಸಿಂಪಡಿಸಿದ್ದ. ಎರಡು ಸಲೀಸಾಗಿ ಬಂದವು. ಮೂರನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಕ್ಕಟ್ಟು ಜಾಗ. ಉದ್ದ ಪಾನಾ ಹಿಡಿಸುವುದಿಲ್ಲ, ಗಿಡ್ಡ ಪಾನಾಕ್ಕೆ ಬಲ ಸಾಲುವುದಿಲ್ಲ.

"ಹುಚ್ಚು ಬಿಡ್ದೆ ಮದುವೆ ಆಗಲ್ಲ, ಮದುವೆ ಆಗ್ದೆ ಹುಚ್ಚು ಬಿಡಲ್ಲ," ಅಂದ ಮಾವ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಆಮೇಲೆ ನನ್ನ ಸಣ್ಣ ಕೈಯೇ ಉಪಯೋಗಕ್ಕೆ ಬಂತು. ಮಾವ ಎದುರು ಕಡೆಯಿಂದ ಪಾನಾದ ತಲೆ ಒತ್ತಿ ಹಿಡಿದ, ನಾನು ಎಳೆದೆ. ಕಿರ್ರ್... ಬಂತು! ಕಿರುಚಿಯೇಬಿಟ್ಟೆ. "ಮೆಲ್ಲಗೆ, ನೀನೇ ಸೈಲೆನ್ಸರ್ ಹಾಕಿಸ್ಕೋಬೇಕು," ಅಂದ.

ದಪ್ಪ ಪೈಪು ಇಳಿಯಿತು. ಹಳೆಯದು ಏರಿತು. ಟರ್ಬೋ ಬಾಯಿಗೆ, ಹೊಗೆ ಸೋರದಂತೆ ನಡುವೆ ಕೂರಿಸುವ ಹೊಸ ಗ್ಯಾಸ್ಕೆಟ್. ಹಳೆಯದನ್ನೇ ಒರೆಸಿ ಹಾಕೋಣವೇ ಅಂದಿದ್ದಕ್ಕೆ ದುರುಗುಟ್ಟಿ ನೋಡಿದ. ಹೊಗೆ ಅಳೆಯುವ ಸೆನ್ಸರನ್ನು ದಪ್ಪ ಪೈಪಿನಿಂದ ಬಿಚ್ಚಿ ಹಳೆಯದಕ್ಕೆ. ಪೈಪು ತೂಗುಹಾಕುವ ರಬ್ಬರ್ ಬಳೆಗಳಿಗೆ ಸೋಪಿನ ನೀರು ಹಚ್ಚಿ ತುರುಕಿದೆವು. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಎಲ್ಲಿಯೂ ತಾಗುತ್ತಿಲ್ಲ ಎಂದು ಅಲುಗಾಡಿಸಿ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ. ಕೊನೆಯಲ್ಲಿ ಮಾವ ಲ್ಯಾಪ್‌ಟಾಪ್ ಸಿಕ್ಕಿಸಿದ. "ಆ ಪೈಪಿಗೆ ಅಂತ ಎಂಜಿನ್ ಲೆಕ್ಕಾಚಾರ ಬದಲಾಯಿಸಿದ್ವಲ್ಲ, ಅದನ್ನೂ ಕಂಪನಿಯವರ ಥರ ಮಾಡ್ಬೇಕು. ಇಲ್ಲಾಂದ್ರೆ ಟರ್ಬೋಗೆ ತ್ರಾಸ."

ಕೀಲಿ ತಿರುಗಿಸಿದೆ. ಏನೂ ಕೇಳಲಿಲ್ಲ. ಸ್ಟಾರ್ಟ್ ಆಗಲೇ ಇಲ್ಲವೆಂದು ಮತ್ತೆ ತಿರುಗಿಸಿದೆ. ಕರ್ರ್ ಅಂತ ಬೈದಳು. ಓಡುತ್ತಲೇ ಇದ್ದಳು, ಮಾರಾಯ್ತಿ!

ಮನೆಗೆ ಬರುವಾಗ ಎಳೆತ ಕಡಿಮೆ ಅನಿಸಿತು. ಫೋನ್ ಮಾಡಿದೆ. ಹಳೆಯ ಲೆಕ್ಕಾಚಾರಕ್ಕೆ ಬಂದಳಲ್ಲ, ಸ್ವಲ್ಪ ಹಾಗೇ ಇರುತ್ತದೆ ಅಂದ ಮಾವ. ಇರಬಹುದು. ಬೀದಿಗೆ ಬಂದು, ಗೇಟು ತೆಗೆದು, ಒಳಗೆ ನಿಲ್ಲಿಸಿ, ಬಾಗಿಲು ತಟ್ಟಿದೆ. ಅಪ್ಪ ಬೆಚ್ಚಿಬಿದ್ದ. "ನಡ್ಕೊಂಡು ಬಂದ್ಯಾ? ಗಾಡಿ ಎಲ್ಲಿ?"

ಗುಡುಗಮ್ಮ ಮೌನವ್ರತ ಹಿಡಿದಿದ್ದಾಳೆ.

ಮಾರ್ಚ್ 9, ಸೋಮವಾರ

ಮೈದಾನ. ಅಮ್ಮ ಫಸ್ಟ್ ಹಾಕಿದಳು, ಕ್ಲಚ್ ಬಿಟ್ಟಳು. ಆಫ್. ಮತ್ತೆ. ಆಫ್. ಮೂರನೇ ಸಲ ಹೊರಟಿತು, ಕೆಮ್ಮುತ್ತ ಹತ್ತು ಮಾರು ಹೋಗಿ ಆಫ್.

ನನಗೆ ತಕ್ಷಣ ಹೊಳೆಯಿತು. ಸದ್ದು! ಅವಳು ಓಡಿಸುತ್ತಿದ್ದದ್ದೇ ಸದ್ದಿನಿಂದ. ಈಗ ಕಣ್ಣು ಕಟ್ಟಿ ಬಿಟ್ಟಂತಾಗಿದೆ. ಜನವರಿಯಲ್ಲಿ ಆದದ್ದೂ ಇದೇ ತಾನೆ? ಗ್ಯಾರಂಟಿ ಇದೇ. ನನಗೆ ಉಪಾಯವೂ ಇದೆ. ನಾಳೆ ನೋಡೋಣ!

ಮಾರ್ಚ್ 10, ಮಂಗಳವಾರ

ಉಪಾಯ: ಪಕ್ಕದಲ್ಲಿ ಕೂತು ನಾನೇ ಬಾಯಲ್ಲಿ ಸದ್ದು ಮಾಡುವುದು. ಮೀಟರ್ ನೋಡಿಕೊಂಡು "ಗುರ್ರ್ರ್", ಮುಳ್ಳು ಏರಿದ ಕೂಡಲೇ "ಘೋ"! ಬೆಳಗಿನ ವಾಕಿಂಗ್‌ನವರು ನಿಂತು ನೋಡಿದರು. ಒಬ್ಬಾಕೆ ನೀರಿನ ಬಾಟಲಿ ಕೊಡಲು ಬಂದಳು.

ಅಮ್ಮ ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಗಾಡಿ ಮತ್ತೆ ಮತ್ತೆ ಆಫ್ ಆಯಿತು. ನಗು ನಿಂತಿತು.

ನಾನು ತಪ್ಪನ್ನು ಗಾಡಿಯ ಮೇಲೆ ಹಾಕಿದೆ. ಹೊಸದಾಗಿ ಹಾಕಿದ್ದು, ಹೊಂದಿಕೊಳ್ಳಬೇಕು, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತದೆ, ಹಾಗೆ ಹೀಗೆ. ಅಮ್ಮ ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಬೇಡ ಬಿಡೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಗಾಡೀನ ಯಾಕೆ ಬೈಬೇಕು?"

ಸೀಟು ಬದಲಾಯಿಸಿಕೊಂಡೆವು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನನಗೆ ಅಳು ಬಂತು.

ಮಾರ್ಚ್ 14, ಶನಿವಾರ

ಬರೆಯಲು ಮನಸ್ಸಿರಲಿಲ್ಲ. ಗಾಡಿ ಹೊದಿಕೆಯ ಕೆಳಗೆ. ಬೆಳಗ್ಗೆ ಹಾಲು ಉಕ್ಕುತ್ತಿಲ್ಲ. ಅಮ್ಮನೇ ಒಲೆ ಮುಂದೆ ನಿಂತಿರುತ್ತಾಳೆ. ಅಪ್ಪ ಕೂಡ ತಮಾಷೆ ಬಿಟ್ಟಿದ್ದಾನೆ. ಇವತ್ತು ಅವಳ ಹಿಂದೆ ಮುಂದೆ ಸುಳಿದಾಡಿ ಅಂದ, "ಇನ್ನೊಂದ್ಸಲ ನೋಡ್ಬಾರ್ದಾ? ನಾನೂ ಜೊತೆಗೆ ಬರ್ತೀನಿ. ಹಿಂದಿನ ಸೀಟಲ್ಲಿ ಸುಮ್ನೆ ಕೂತಿರ್ತೀನಿ."

"ನೀವು ಸುಮ್ನೆ ಕೂರೋದಾ?" ಎಂದಳು. ಅಷ್ಟೇ. ಮತ್ತೆ ಹೊಲಿಗೆ.

ಸೋಮವಾರ ನಾಟಕದವರಿಗೆ ಫೋನ್ ಮಾಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳುತ್ತಾಳಂತೆ. ಮಾದರಿಗೆಂದು ಹೊಲಿದ ರಾಜನ ಪೋಷಾಕನ್ನು ಮಾತ್ರ ನಾಳೆ ಕೊಟ್ಟು ಬರಬೇಕು. "ನಿಂಗೆ ರಜೆ ಅಲ್ವಾ, ನೀನೇ ಕರ್ಕೊಂಡು ಹೋಗು," ಎಂದಳು.

ದಪ್ಪ ಪೈಪನ್ನೇ ಮತ್ತೆ ಹಾಕಲೇ? ಹಾಕಿದರೆ ಓಡಿಸುತ್ತಾಳೆ, ಗೇಟಿನೊಳಗೆ ಬಿಡುವುದಿಲ್ಲ. ಹಾಕದಿದ್ದರೆ ಬಿಡುತ್ತಾರೆ, ಓಡಿಸುವುದಿಲ್ಲ. ಮಾವನ ಗಾದೆಯೇ ಸರಿ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಮೊದಲಿನಿಂದ ಬರೆಯುತ್ತೇನೆ.

ನಾನು ಓಡಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ, ಮಡಿಲಲ್ಲಿ ರಾಜನ ಪೋಷಾಕು. ಸೇತುವೆಯ ಏರು. ಎಳೆಯುತ್ತಲೇ ಇಲ್ಲ. ಸೆಕೆಂಡ್‌ಗೆ ಇಳಿಸಿದೆ, ಒತ್ತಿದೆ, ಊಹೂಂ. ಹಿಂದಿನಿಂದ ಒಂದು ಸಾಮಾನಿನ ಆಟೋ ನಮ್ಮನ್ನು ದಾಟಿ ಹೋಯಿತು. ಟರ್ಬೋ ಗಾಡಿಯನ್ನು! ಸಾಮಾನಿನ ಆಟೋ!

ಅಷ್ಟರಲ್ಲಿ ಅಮ್ಮ ಮೂಗು ಅರಳಿಸಿದಳು. "ಏನೋ ಸುಟ್ಟ ವಾಸನೆ."

"ಕ್ಲಚ್ ಇರ್ಬೇಕಮ್ಮ."

"ಅಲ್ಲ. ಬಟ್ಟೆ. ಇಸ್ತ್ರಿಪೆಟ್ಟಿಗೆ ಮರೆತು ಬಿಟ್ರೆ ಬರುತ್ತಲ್ಲ, ಅದು. ಅದೂ ಹತ್ತಿ ಬಟ್ಟೆ." ಪೋಷಾಕನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಿಟಕಿ ಇಳಿಸಿ ಹೊರಗೆ ಮೂಸಿದಳು. ಆಮೇಲೆ ಕೈ ಬಾಯಿಗೆ ಹೋಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಮೊದಲ್ನೇ ವರ್ಷದ್ದು!"

"ಏನು ಮೊದಲ್ನೇ ವರ್ಷದ್ದು?"

"ಚಿಂದಿ ಕಣೇ! ಪ್ರತಿ ವರ್ಷ ಹೊಸದು ತುರುಕಿದ್ದೆ, ಹಳೇದು ತೆಗೆದೇ ಇಲ್ಲ. ಒಳಗೊಳಗೇ ಹೋಗಿರ್ಬೇಕು!"

ಅಲ್ಲೇ ಬದಿಗೆ ನಿಲ್ಲಿಸಿ ಆಫ್ ಮಾಡಿದೆ. ಮಾವ ಟೋ ಗಾಡಿ ತಂದ. ಕತೆ ಕೇಳಿ ನಗಲೂ ಇಲ್ಲ, ಬಯ್ಯಲೂ ಇಲ್ಲ. ತನ್ನ ಹಣೆಯನ್ನೇ ಬಡಿದುಕೊಂಡ. "ಎಳೆತ ಇಲ್ಲ ಅಂತ ಇವಳು ಅವತ್ತೇ ಹೇಳಿದ್ಲಲ್ಲ, ನಾನಾದ್ರೂ ನೋಡ್ಬೇಡ್ವಾ?" ಪೈಪು ತಣ್ಣಗಾಗುವವರೆಗೆ ಗ್ಯಾರೇಜಿನಲ್ಲಿ ಕಾದೆವು. ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು, ಪೋಷಾಕನ್ನು ಮಗುವಿನ ಹಾಗೆ ಅಪ್ಪಿಕೊಂಡು. ನಾನು ಆಚೆ ಈಚೆ, ಆಚೆ ಈಚೆ.

ನಡುವಿನ ಪೈಪು ಬಿಚ್ಚಿದೆವು. ಟಾರ್ಚ್ ಹಿಡಿದರೆ ಬಗ್ಗಿದ ಕಡೆ ಕತ್ತಲು. ಅಳತೆಕೋಲು ತಿರುಗದ ಜಾಗ. ಮಾವ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ತೂರಿಸಿದ. ಸಿಕ್ಕಿತು... ಜಾರಿತು... ಸಿಕ್ಕಿತು. ಎಳೆದ. ಮುಷ್ಟಿಯಷ್ಟು ಕರೀ ಉಂಡೆ. ಹೊರಗೆಲ್ಲ ಇದ್ದಿಲು. ಬಿಡಿಸಿದರೆ ನಡುವೆ ಇನ್ನೂ ಸುಡದ ಬಟ್ಟೆ.

ನೀಲಿ ಚೌಕಳಿ.

ಮಾವ ಮೆಲ್ಲಗೆ ಕೇಳಿದ, "ಅಕ್ಕ, ಇದು ಭಾವನ ಅಂಗಿ ಅಲ್ವಾ?" ಅಷ್ಟೇ ಸಾಕಾಯಿತು. ನಕ್ಕು ನಕ್ಕು ನಾನು ನೆಲದ ಮೇಲೆ ಕೂತೆ. ಅಮ್ಮ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು.

ನಾನು ಎದ್ದು ಕೂಗಿದೆ, "ಅಮ್ಮಾ! ನೆಲವೇ ಡೊಂಕಾಗಿತ್ತು! ಕುಣಿಯೋಳದ್ದಲ್ಲ ತಪ್ಪು, ನೆಲದ್ದು!"

ನನ್ನ ಕಿವಿಯ ಸಿದ್ಧಾಂತ, ಬಾಯಿಯ ಗುರ್ರ್... ಎಲ್ಲ ನೀರಲ್ಲಿ ಹೋಮ. ಉಸಿರು ಕಟ್ಟಿದ ಗಾಡಿಯನ್ನು ಕೊಟ್ಟು, ಅವಳಿಗೆ ಓಡಿಸಲು ಬರುವುದಿಲ್ಲ ಎಂದು ಅವಳನ್ನೇ ನಂಬಿಸಿದ್ದೆ.

ಅದೇ ದಿನ. ಸಂಜೆ

ಮುಖ್ಯವಾದದ್ದೇ ಬರೆದಿರಲಿಲ್ಲ.

ಪೈಪು ಊದಿ ಸ್ವಚ್ಛ ಮಾಡಿ, ಮತ್ತೆ ಗ್ಯಾಸ್ಕೆಟ್ ಹೊಸದು ಹಾಕಿ ಬಿಗಿದೆವು. ಮಾವ ಮೊದಲು ತಾನೊಂದು ಸುತ್ತು ಹೋಗಿ ಬಂದು ಕೀಲಿಯನ್ನು ನನಗೆ ಕೊಡಲಿಲ್ಲ, ಅಮ್ಮನಿಗೆ ಕೊಟ್ಟ. ಅವಳು ಬೇಡ ಬೇಡ ಅಂದಳು. ಅಂಗೈ ಬಿಡಿಸಿ ಇಟ್ಟ. ನಾನು ಎಲ್ ಬೋರ್ಡ್ ಸಿಕ್ಕಿಸಿದೆ.

ಗ್ಯಾರೇಜಿನ ಹಿಂದಿನ ಖಾಲಿ ರಸ್ತೆ. ಫಸ್ಟ್. ಕ್ಲಚ್. ಹೊರಟಳು! ಸೆಕೆಂಡ್ ಸ್ವಲ್ಪ ತಡವಾಯಿತು, ತಬ್ಬಿಬ್ಬಾದಳು, ಆದರೂ ಆಫ್ ಆಗಲಿಲ್ಲ. ರಸ್ತೆ ಕೊನೆಯಲ್ಲಿ ತಿರುಗಿಸಿ, ವಾಪಸ್ ಬರುವಾಗ ಸ್ವಲ್ಪ ಧೈರ್ಯವಾಗಿ ಒತ್ತಿದಳು. ಆಗ ಹುಬ್ಬು ಗಂಟಿಕ್ಕಿ ಕೇಳಿದಳು, "ಯಾರೇ ಅದು ಸಿಳ್ಳೆ ಹೊಡೀತಿರೋದು?"

ಕಿವಿಗೊಟ್ಟೆ. ನಿಜ! ತೆಳ್ಳಗೆ, ದೂರದಲ್ಲಿ ಯಾರೋ ಕರೆದ ಹಾಗೆ, ಏರುತ್ತ ಏರುತ್ತ... ಟರ್ಬೋ! ನನ್ನ ಗಾಡಿ ನನಗೇ ಗೊತ್ತಿರಲಿಲ್ಲ. ಆ ಗುಡುಗಿನ ಕೆಳಗೆ ಎರಡು ವರ್ಷ ಒಮ್ಮೆಯೂ ಕೇಳಿರಲಿಲ್ಲ.

"ಟರ್ಬೋ ಕಣಮ್ಮ. ಅದು ತಿರುಗೋಕೆ ಶುರು ಮಾಡಿದ್ರೆ ಹಾಗೆ."

"ಇಷ್ಟು ದಿನ ಎಲ್ಲಿದ್ಲು ಇವಳು?" ಅಂದಳು. ಸಿಳ್ಳೆ ಏರಿತು. ಎಡಗೈ ತಾನಾಗಿ ಗೇರಿಗೆ ಹೋಯಿತು. ಥರ್ಡ್.

ಮಾರ್ಚ್ 16, ಸೋಮವಾರ

ಹಾಲು ಉಕ್ಕಿತು!!

ನಾಟಕದವರಿಗೆ ಫೋನ್ ಮಾಡಿದಳು. ರಾಜನ ಪೋಷಾಕು ಇಪ್ಪತ್ತೊಂದಕ್ಕೆ, ಶನಿವಾರ, ತಾನೇ ತಂದುಕೊಡುತ್ತೇನೆ ಎಂದಳು. "ತಾನೇ" ಅನ್ನುವಾಗ ದನಿ ಸ್ವಲ್ಪ ಏರಿತು. ನಾನು ಬಾಗಿಲ ಹಿಂದೆ ಕುಣಿದೆ.

ಅಪ್ಪ ಕರೀ ಉಂಡೆಯನ್ನು ಡಬ್ಬಿಯಲ್ಲಿಟ್ಟು ಟಿವಿ ಪಕ್ಕ ಪ್ರದರ್ಶನಕ್ಕಿಟ್ಟಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ. "ನಮ್ಮ ಲಾಂಡ್ರಿಯವ್ರು ಇಲ್ಲೇ ಒಳಗಿದಾರೆ, ಕರೀಲಾ?"

ಮಾರ್ಚ್ 18, ಬುಧವಾರ

ಏರಿನಲ್ಲಿ ನಿಲ್ಲಿಸಿ ಹೊರಡುವುದು, ಇವತ್ತು ಒಂದು ಸಲವೂ ಹಿಂದೆ ಜಾರಲಿಲ್ಲ. ಈಗ ಕಾಲಿಗೂ ಗೊತ್ತಾಗುತ್ತದಂತೆ. "ಕ್ಲಚ್ ಹಿಡಿಯೋ ಹೊತ್ತಿಗೆ ಪಾದದಡಿ ಸಣ್ಣಗೆ ನಡುಗುತ್ತೆ ನೋಡು, ಹೊಲಿಗೆ ಮೆಷಿನ್ ಥರಾನೇ." ಹಿಂದಿನ ಸೀಟಿನಲ್ಲಿ ಅಪ್ಪ. ಸುಮ್ಮನೆ ಕೂರುತ್ತೇನೆ ಅಂದವನು ಪ್ರತಿ ತಿರುವಿನಲ್ಲೂ ತಾನೇ ಬ್ರೇಕ್ ಒತ್ತುತ್ತಾನೆ, ಇಲ್ಲದ ಬ್ರೇಕ್.

ದಪ್ಪ ಪೈಪು ತಾರಸಿಯ ಮೇಲೆ ಹೋಯಿತು. ಬೀನ್ಸ್ ಬಳ್ಳಿಗೆ ಕೊಡೆಯ ಕಡ್ಡಿ ಸಾಲುತ್ತಿರಲಿಲ್ಲ. ಎರಡೂ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದೇನೆ. ಚಿಂದಿಗೆ ಪ್ರವೇಶವಿಲ್ಲ.

ಟೆಸ್ಟ್ ಮುಗಿದ ಮೇಲೆ ಅದನ್ನು ಮತ್ತೆ ಹಾಕಿಸುತ್ತೀಯಾ ಎಂದು ಮಾವ ಕೇಳಿದ. ಆ ಸಿಳ್ಳೆ ಕೇಳಿದ ಮೇಲೆ... ನೋಡೋಣ.

ಮಾರ್ಚ್ 20, ಶುಕ್ರವಾರ. ಟೆಸ್ಟ್ ಮೈದಾನದ ಹೊರಗೆ

ಗೋಡೆ ಪಕ್ಕದ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅದೇ ಇನ್ಸ್‌ಪೆಕ್ಟರ್. ಗಾಡಿ ಗೇಟಿಗೆ ಬಂದಾಗ ಕಿವಿ ಹತ್ತಿರ ಕೈ ಒಯ್ದರು, ಆಮೇಲೆ ಇಳಿಸಿದರು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. "ಓಡ್ತಾ ಇದೆಯಾ?" ಅಮ್ಮ ತಲೆಯಾಡಿಸಿದಳು. ಅದೇ ಅಂಗಿ, ಸಡಿಲ ತೋಳು. ಒಳಗೆ ಹೋದಳು. ಗೇಟು ಮುಚ್ಚಿತು. ಜೊತೆಯವರು ಹೊರಗೇ ಇರಬೇಕು.

ಗೋಡೆ ಎತ್ತರ. ಏನೂ ಕಾಣುವುದಿಲ್ಲ.

ಏನೂ ಕೇಳುವುದೂ ಇಲ್ಲ! ಇದನ್ನು ಯೋಚಿಸಿಯೇ ಇರಲಿಲ್ಲ. ಗುಡುಗಮ್ಮನಾಗಿದ್ದರೆ ಇಲ್ಲಿ ಕೂತೇ ಹೇಳುತ್ತಿದ್ದೆ: ಈಗ ಸೆಕೆಂಡ್, ಈಗ ಏರು, ಈಗ ನಿಲ್ಲಿಸಿದಳು. ಈಗ ಕಿವಿ ನಿಮಿರಿಸಿದರೂ ಕಾಗೆಯ ಸದ್ದು ಮಾತ್ರ. ಹೊರಟಳೋ, ಆಫ್ ಆಯಿತೋ? ಜನವರಿಯ ಹಾಗೆ ಏರಿನಲ್ಲಿ ಕೂತಿದ್ದಾಳೋ?

ಎಂದೂ ಇಷ್ಟು ಹೆದರಿರಲಿಲ್ಲ. ನನ್ನದೇ ಟೆಸ್ಟಿನ ದಿನವೂ ಇಲ್ಲ.

ಅಪ್ಪನ ಫೋನ್. "ಏನಾಯ್ತು?" ಗೊತ್ತಿಲ್ಲ. ಮಾವನ ಫೋನ್. ಗೊತ್ತಿಲ್ಲ, ಗೊತ್ತಿಲ್ಲ!

ಇರು... ಸಿಳ್ಳೆ? ಹೌದು. ಸಣ್ಣಗೆ, ಗೋಡೆಯಾಚೆ, ಏರುತ್ತಿದೆ. ನಿಂತಿತು. ಗೇರ್ ಹಾಕಿದಳು! ಮತ್ತೆ ಏರುತ್ತಿದೆ. ಏರುತ್ತಿದೆ!

ಆಮೇಲೆ ಮೌನ. ತುಂಬ ಹೊತ್ತು.

ಗೇಟು ತೆರೆಯಿತು. ಇನ್ಸ್‌ಪೆಕ್ಟರ್ ನಡೆದು ಬಂದರು, ಕೈಯಲ್ಲಿ ನಮ್ಮ ಎಲ್ ಬೋರ್ಡ್. ನನ್ನ ಕೈಗಿಟ್ಟು, "ಇನ್ನು ಇದು ಬೇಡ ಅವರಿಗೆ. ನಗುನಗ್ತಾ ಓಡಿಸ್ತಾರೆ ನಿಮ್ಮಮ್ಮ," ಅಂದು ಹೋದರು.

ಅವರ ಹಿಂದೆಯೇ ಕಾರು, ಸದ್ದೇ ಇಲ್ಲದೆ ಬಂದು ನನ್ನ ಕಾಲ ಬುಡದಲ್ಲಿ ನಿಂತಿದೆ. ಕಿಟಕಿ ಇಳಿಯಿತು. ಎದ್ದು ಡ್ರೈವರ್ ಬಾಗಿಲ ಕಡೆ ಹೋದೆ, ಅಭ್ಯಾಸ. ಅವಳು ತಲೆಯಲ್ಲಾಡಿಸಿ ಪಕ್ಕದ ಸೀಟು ತೋರಿಸುತ್ತಿದ್ದಾಳೆ. "ಅಪ್ಪನ್ನೂ ಮಾವನ್ನೂ ಹತ್ತಿಸ್ಕೊಂಡು ಒಂದು ಸುತ್ತು ಹೋಗೋಣ. ಆ ಪುಸ್ತಕ ಮುಚ್ಚು, ಹತ್ತೇ!"

ಒಂದೇ ಸಾಲು ಅಮ್ಮ, ಒಂದೇ ಸಾಲು ಬರೆದುಬಿಡ್ತೀನಿ

ಹಾರ್ನ್ ಹೊಡೆಯುತ್ತಿದ್ದಾಳೆ. ಬಂದೆ, ಬಂ